ಚಂದ್ರಿಯ ಹಣೆಯ ಅರಿಶಿನ

ನಮ್ಮ ಮನೆಯಲ್ಲಿ ಕರುಗಳ ಸಂಘದ ಮಾತು ಎದ್ದಾಗಲೆಲ್ಲ ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ದುಬೈನ ಅಲ್ ಕುಸೈಸ್‌ನಲ್ಲಿದ್ದ ಆ ಫ್ಲ್ಯಾಟಿನ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲೇ ಇರಲಿಲ್ಲ. ಅಪ್ಪ ಸೋಫಾದ ಮೇಲೆ ಕಾಲು ಚಾಚಿ ತೀರ್ಪು ಕೊಡುತ್ತಿದ್ದರು, ಅವ್ವ ಕಟ್ಟೆಯ ಮುಂದೆ ನಿಂತು ಹಿಟ್ಟಿಗೆ ಉತ್ತರ ಕೊಡುತ್ತಿದ್ದಳು. ಜೋಳದ ಹಿಟ್ಟು ಊರಿನಿಂದ ಸೂಟ್‌ಕೇಸಿನಲ್ಲಿ, ಸೀರೆಗಳ ನಡುವೆ ಅಡಗಿ ಬರುತ್ತಿತ್ತು. ಕೆಳಗಿನ ಮನೆಯವರು ನಾತೂರನ ಹತ್ತಿರ, ಅಂದರೆ ಕಟ್ಟಡ ಕಾಯುವವನ ಹತ್ತಿರ, ಮೇಲಿನವರು ಮನೆಯೊಳಗೇ ಬಡಗಿ ಕೆಲಸ ಇಟ್ಟುಕೊಂಡಿದ್ದಾರೆಂದು ದೂರು ಕೊಟ್ಟಿದ್ದರು. ಅವತ್ತಿನಿಂದ ಅವ್ವ ಹಲಗೆಯ ಕೆಳಗೆ ಹಳೆಯ ಟವೆಲ್ ಮಡಚಿ ಹಾಕುತ್ತಿದ್ದಳು. ಸಿಟ್ಟು ಬಂದ ದಿನ ಮಾತ್ರ ಅದನ್ನು ತೆಗೆದಿಡುತ್ತಿದ್ದಳು. ನಮ್ಮ ಮನೆಯ ಜಗಳಗಳಲ್ಲಿ ಅವಳ ಪಾಲಿಗೆ ಬಂದ ಮಾತು ಅಷ್ಟೇ.

ಅಪ್ಪ ದನದ ಡಾಕ್ಟರು. ಗದಗದ ಕಡೆಯಿಂದ ಬಂದವರು. ಅಲ್ ಐನ್ ರಸ್ತೆಯಿಂದ ಒಳಗೆ, ಮರಳಿನ ನಡುವೆ ಒಂದು ದೊಡ್ಡ ಡೈರಿ ಫಾರ್ಮ್ ಇತ್ತು. ಅಲ್ಲಿಯ ಆಕಳುಗಳ ಆರೋಗ್ಯ, ಗರ್ಭ, ಹಾಲು ಎಲ್ಲ ಅಪ್ಪನ ಕೈಯಲ್ಲಿ. ಫಾರ್ಮಿನ ಅರಬ್ ಮಾಲೀಕರನ್ನು ಎಲ್ಲರೂ ಅರ್ಬಾಬ್ ಅನ್ನುತ್ತಿದ್ದರು. ಅಪ್ಪ ಮಾತ್ರ ಮನೆಯೊಳಗೆ ಕೂಡ ಆ ಹೆಸರು ಹೇಳುವಾಗ ದನಿ ತಗ್ಗಿಸುತ್ತಿದ್ದರು, ಅವರು ಫ್ರಿಜ್ಜಿನ ಹಿಂದೆಯೇ ನಿಂತಿದ್ದಾರೇನೋ ಎಂಬಂತೆ. ಸಂಜೆ ಅಪ್ಪ ಲಿಫ್ಟಿನೊಳಗೆ ಕಾಲಿಟ್ಟರೆ ಒಳಗಿದ್ದವರು ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದರು. ಗಮ್‌ಬೂಟು ಬಾಗಿಲ ಹೊರಗೆ, ಅಂಗಿ ಬಾಲ್ಕನಿಯ ಬಕೆಟ್ಟಿನಲ್ಲಿ, ಅಪ್ಪ ನೇರ ಬಾತ್‌ರೂಮಿಗೆ. ಸ್ನಾನ ಮುಗಿಸಿ ಹೊರಬರುವ ಮನುಷ್ಯ ಪೌಡರು ಹಾಕಿಕೊಂಡು, ಇಂಗ್ಲಿಷ್ ಪೇಪರು ಹಿಡಿದುಕೊಂಡು, ಸಗಣಿ ಎಂದರೇನೆಂದೇ ಗೊತ್ತಿಲ್ಲದವರ ಹಾಗೆ ಕೂರುತ್ತಿದ್ದರು. ಶಾಲೆಯಲ್ಲಿ ಅಪ್ಪನ ಕೆಲಸವೇನೆಂದು ಕೇಳಿದರೆ ಬರೀ ಡಾಕ್ಟರ್ ಅನ್ನಬೇಕೆಂದು ನನಗೆ ಕಲಿಸಿದ್ದವರೂ ಅವರೇ.

ಅವ್ವನಿಗೆ ಆ ವಾಸನೆ ಬೇಕಿತ್ತು. ಅವಳ ತವರಿನಲ್ಲಿ ದನದ ಕೊಟ್ಟಿಗೆಗೂ ಪಡಸಾಲೆಗೂ ಒಂದೇ ಹೊಸ್ತಿಲು. ದೀಪಾವಳಿ ಪಾಡ್ಯಕ್ಕೆ ಸಗಣಿಯಿಂದ ಕೊಟ್ಟಿಗೆಯ ದೇವತೆ ಹಟ್ಟೆವ್ವನನ್ನು ಮಾಡಿ, ಹೂವು ಸಿಕ್ಕಿಸಿ, ಬಾಗಿಲಲ್ಲಿ ಕೂರಿಸದಿದ್ದರೆ ಅವಳಿಗೆ ಹಬ್ಬವೇ ಅಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಅಪ್ಪ ಒಂದು ಮುದ್ದೆ ಸಗಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಇನ್ನೊಂದು ಚೀಲದಲ್ಲಿ ಸುತ್ತಿ, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ತರುತ್ತಿದ್ದರು. ತಂದುಕೊಟ್ಟ ಮೇಲೆ ಬೈಯದೆ ಬಿಡುತ್ತಿರಲಿಲ್ಲ.

"ದೇಶ ಬಿಟ್ಟು ಬಂದ್ರೂ ನಿನ್ನ ಹಳ್ಳಿ ಬುದ್ಧಿ ಬಿಡಲಿಲ್ಲ ನೋಡು. ನಾಲ್ಕು ಮಂದಿ ಎಜುಕೇಟೆಡ್ ಇರೂ ಬಿಲ್ಡಿಂಗ್ ಇದು."

ಅವ್ವ ಸಗಣಿಯ ಮುದ್ದೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿ ನೋಡುತ್ತಿದ್ದಳು. "ಇದು ಆಕಳ ಸಗಣಿ ಅನ್ನಾಕ ಬರಂಗಿಲ್ಲ. ಏನ ತಿನ್ನಿಸ್ತೀರೋ ಏನೋ," ಎಂದು ಮೂಗು ಮುರಿಯುತ್ತಿದ್ದಳು. ಅಪ್ಪನಿಗೆ ಅದು ಉಳಿದೆಲ್ಲ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು.

ಶುಕ್ರವಾರ ರಜೆ. ಅವತ್ತು ಅಪ್ಪ ನನ್ನನ್ನೂ ಅವ್ವನನ್ನೂ ಫಾರ್ಮಿಗೆ ಕರೆದುಕೊಂಡು ಹೋಗುತ್ತಿದ್ದರು. ಶೆಡ್ಡುಗಳಲ್ಲಿ ಆಳೆತ್ತರದ ಫ್ಯಾನುಗಳು, ಮೇಲಿಂದ ತುಂತುರು ನೀರು. ಆಕಳುಗಳು ಮದುವೆಮನೆಯ ಬೀಗರ ಹಾಗೆ ಗಾಳಿ ಹಾಕಿಸಿಕೊಂಡು ನಿಂತಿರುತ್ತಿದ್ದವು. ಹೆಚ್ಚಿನವು ಎಚ್ಚೆಫ್, ಅಂದರೆ ಕಪ್ಪು-ಬಿಳಿ ಮಚ್ಚೆಯ ಹೋಲ್‌ಸ್ಟೀನ್. ಮೂಲೆಯ ಒಂದು ಶೆಡ್ಡಿನಲ್ಲಿ ಮಾತ್ರ ಕಂದು ಬಣ್ಣದ ಜೆರ್ಸಿಗಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಲ್ಲೊಂದು ಜೆರ್ಸಿ ಈಯುವಾಗ ಸತ್ತುಹೋಯಿತು. ಉಳಿದ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ನನ್ನ ಕೈಗೆ ಕೊಟ್ಟರು. ಕುಡಿದು ಮುಗಿದ ಮೇಲೂ ಅದು ನನ್ನ ಫ್ರಾಕಿನ ಅಂಚನ್ನು ಚೀಪುತ್ತ ಹಿಂದೆ ಹಿಂದೆಯೇ ಬಂತು. ಕೆಂಪಿ ಎಂದು ಹೆಸರಿಟ್ಟವಳು ಅವ್ವ. ಒಂದೇ ಮಗಳಾಗಿ, ಬಾಲ್ಕನಿಯಲ್ಲಿ ಒಬ್ಬಳೇ ಆಡಿಕೊಂಡು ಬೆಳೆಯುತ್ತಿದ್ದ ನನ್ನ ಹಿಂದೆ ಯಾರಾದರೂ ಬಂದದ್ದು ಅದೇ ಮೊದಲು. ಮುಂದಿನ ಶುಕ್ರವಾರದವರೆಗೆ ಆ ಚೀಪಿದ ಅಂಚನ್ನು ತೊಳೆಯಲು ನಾನು ಬಿಡಲಿಲ್ಲ.

ಸಂಘದ ಸುದ್ದಿಯನ್ನೂ ಅಪ್ಪನೇ ತಂದರು. ಚಳಿಗಾಲದಲ್ಲಿ ಅಬುಧಾಬಿಯಲ್ಲಿ ನಡೆಯುವ ಜಾನುವಾರು ಪ್ರದರ್ಶನದಲ್ಲಿ ಮಕ್ಕಳಿಗೂ ಒಂದು ರಿಂಗ್, ಅಂದರೆ ಬೇಲಿ ಹಾಕಿದ ಸ್ಪರ್ಧೆಯ ಅಂಗಳ, ಇಡುತ್ತಾರಂತೆ, ಮಕ್ಕಳು ಬಿಳಿ ಅಂಗಿ-ಪ್ಯಾಂಟು ತೊಟ್ಟು ತಾವೇ ಸಾಕಿದ ಕರುವಿನ ಹಗ್ಗ ಹಿಡಿದು ತೀರ್ಪುಗಾರರ ಮುಂದೆ ನಡೆಸಬೇಕಂತೆ. ಆದರೆ ಸುಮ್ಮನೆ ಹೋಗಿ ನಿಲ್ಲುವಂತಿಲ್ಲ, ಯಾವುದಾದರೂ ಒಂದು ತಳಿಯ ಮಕ್ಕಳ ಸಂಘಕ್ಕೆ ಸೇರಿರಬೇಕು. ಇದ್ದದ್ದು ಎರಡು ಸಂಘ, ಒಂದು ಎಚ್ಚೆಫ್‌ನದು, ಇನ್ನೊಂದು ಜೆರ್ಸಿಯದು. ಒಂದಕ್ಕೆ ಸೇರಿದವರು ಮತ್ತೊಂದಕ್ಕೆ ಸೇರುವಂತಿಲ್ಲ. ಜೆರ್ಸಿಯದು ಚಿಕ್ಕ ಸಂಘ. ಅಲ್ಲಿ ಕರು ಮಗುವಿನ ಮನೆಯದೇ ಆಗಬೇಕೆಂದಿರಲಿಲ್ಲ, ಯಾರಿಂದಾದರೂ ಎರವಲು ತಂದರೂ ಆಗುತ್ತಿತ್ತು. ನೋಡುವುದು ಮಗುವನ್ನು: ಕರು ಬೆದರಿದರೆ ಹೇಗೆ ಸಮಾಧಾನ ಮಾಡುತ್ತದೆ, ಎಷ್ಟು ಚೊಕ್ಕವಾಗಿ ನಡೆಸುತ್ತದೆ, ಕೇಳಿದ್ದಕ್ಕೆ ಏನು ಹೇಳುತ್ತದೆ. ಎಚ್ಚೆಫ್ ಸಂಘ ದೊಡ್ಡದು. ಅಲ್ಲಿ ನೋಡುವುದು ಕರುವನ್ನು. ಬೆನ್ನು, ಕಾಲು, ಎದೆಯ ಅಗಲ. ಮಗು ಅಲ್ಲಿ ಹಗ್ಗದ ಇನ್ನೊಂದು ತುದಿ, ಅಷ್ಟೇ.

ನಾನು ಅಪ್ಪ ಹೇಳಿ ಮುಗಿಸುವ ಮೊದಲೇ ಆರಿಸಿಕೊಂಡಾಗಿತ್ತು.

"ಜೆರ್ಸಿ! ಅಪ್ಪಾ, ಪ್ಲೀಸ್. ಕೆಂಪಿ ಆಲ್ರೆಡಿ ನೋಸ್ ಮಿ."

"ಜೆರ್ಸಿ ಯಾಕ?" ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಅದು ನಾಲ್ಕು ಹೆಣ್ಣುಮಕ್ಕಳು ಸೇರಿ ಚಾ ಕುಡಿಯೂ ಸಂಘ. ಸೇರಿದ್ರ ಎಚ್ಚೆಫ್‌ಗೆ ಸೇರಬೇಕು. ಅರ್ಬಾಬ್‌ರ ಫಾರ್ಮಿನ ತಳಿ ಅದು."

"ಆಕೀಗೆ ಕೆಂಪಿ ಹೊಂದಿಕೊಂಡೈತ್ರಿ," ಅವ್ವ ಅಡುಗೆಮನೆಯಿಂದ ಅಂದಳು. "ಮತ್ತ ಅಲ್ಲಿ ಹುಡುಗರ್ನ ನೋಡ್ತಾರಂತ ನೀವ ಅಂದ್ರಲ್ಲ."

"ಹುಡುಗರ್ನ ನೋಡಾಕ ಯಾರ ಬರ್ತಾರ? ಮಂದಿ ಬರೂದು ದನಾ ನೋಡಾಕ."

ಅವ್ವ ಟವೆಲ್ ತೆಗೆದಿಟ್ಟಳು. ಅವತ್ತಿನ ರೊಟ್ಟಿಗಳು ಕಾಗದದಷ್ಟು ತೆಳ್ಳಗಾಗಿದ್ದವು. ಬದನೆಕಾಯಿ ಎಣಗಾಯಿ ಬಡಿಸುವಾಗ ಅಪ್ಪನ ತಟ್ಟೆಯಲ್ಲಿ ಸೌಟು ಕಟ್ ಎಂದು ಸದ್ದು ಮಾಡಿತು. ಅವತ್ತೂ, ಆಮೇಲಿನ ವಾರಗಳಲ್ಲೂ ಅಪ್ಪ ಉಣ್ಣುತ್ತ ಉಣ್ಣುತ್ತ ಎರಡೂ ಸಂಘಗಳನ್ನು ತೂಗಿದರು. ತೂಗಿದರು ಎನ್ನುವುದು ಅವರ ಮಾತು. ಜೆರ್ಸಿಯ ಕಡೆ ಏನಿಟ್ಟರೂ ತಕ್ಕಡಿ ಅತ್ತ ಬಾಗುತ್ತಲೇ ಇರಲಿಲ್ಲ. ಸಂಘದವರು ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ ಅಂದರೆ, ನಾನಿಲ್ಲವೇ ಹೇಳಿಕೊಡಲು ಅಂದರು. ಕರು ಸಾಧು ಅಂದರೆ, ಸಾಧು ಕರುವನ್ನು ನಡೆಸುವುದರಲ್ಲಿ ಏನು ಬಂತು ಅಂದರು. ಕೊನೆಗೆ ಬಾಯಿಂದ ನಿಜ ಬಿತ್ತು. ಅರ್ಬಾಬ್ ಆ ಪ್ರದರ್ಶನಕ್ಕೆ ಗೆಳೆಯರ ಜೊತೆ ಬರುವವರಿದ್ದರು. ನಮ್ಮ ಡಾಕ್ಟರನ ಮಗಳು ನಮ್ಮ ಫಾರ್ಮಿನ ಎಚ್ಚೆಫ್ ಕರು ಹಿಡಿದು ರಿಂಗಿನಲ್ಲಿ ನಿಂತರೆ ಚೆನ್ನ ಎಂದು ಅವರು ಅಪ್ಪನಿಗೆ ಆಗಲೇ ಹೇಳಿಯಾಗಿತ್ತು. ಅಪ್ಪನೂ ಆಗಲೇ ಹೂಂ ಅಂದಾಗಿತ್ತು. ಸಂಘವನ್ನು ಆರಿಸುವುದೆಂಬ ಆ ವಾರಗಟ್ಟಲೆಯ ಮಾತುಕತೆ, ತೂಕ, ಜಗಳ ಎಲ್ಲ ಮುಗಿದುಹೋದ ಮದುವೆಗೆ ಜಾತಕ ನೋಡಿದ ಹಾಗೆ. ಆಮೇಲಿನ ಜೀವನದಲ್ಲಿ ಯಾರಾದರೂ ನಿನ್ನ ಅಭಿಪ್ರಾಯವೇನು ಎಂದು ಕೇಳಿದರೆ ನನಗೆ ಮೊದಲು ಬರುವುದು ಅನುಮಾನ. ಅದು ಆ ಸೋಫಾದ ಮುಂದೆ ಹುಟ್ಟಿದ್ದು.

ಎದುರು ಫ್ಲ್ಯಾಟಿನಲ್ಲಿ ಸೆಲೀನ್ ಆಂಟಿ ಇದ್ದರು. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸು. ಅವರ ಮಗಳು ಲವೀನಾ ನನ್ನ ಕ್ಲಾಸಿನವಳು. ಅವಳಿಗೂ ಪ್ರದರ್ಶನದ ಆಸೆ ಹತ್ತಿತು. ಮುಂದಿನ ವಾರವೇ ಆಂಟಿ ಒಂದು ಡಬ್ಬಿ ನೀರುದೋಸೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಡಾಕ್ಟ್ರೇ, ನಮ್ಮ ಲವೀನಾಗೆ ಆ ಜೆರ್ಸಿ ಸಂಘಕ್ಕೆ ಸೇರ್ಲಿಕ್ಕೆ ಉಂಟಂತೆ. ಒಂದು ಕರು ಸಿಕ್ಕಿದ್ರೆ ಆಗ್ತಿತ್ತು ಮಾರಾಯ್ರೆ. ನಿಮ್ಮ ಫಾರ್ಮಲ್ಲಿ ಪಾಪದ್ದು ಯಾವ್ದಾದ್ರೂ ಉಂಟಾ?"

"ಐತಲ್ರಿ," ಅಪ್ಪ ತಕ್ಷಣ ಅಂದರು. "ಒಂದು ತಬ್ಬಲಿ ಕರು ಐತಿ. ಭಾಳ ಸಾಧು. ಬಾಟಲಿ ಹಾಲಿನ ಮ್ಯಾಲ ಬೆಳದದ್ದು."

ನಾನು ಊಟದ ಮೇಜಿನ ಹತ್ತಿರ ಹೋಂವರ್ಕ್ ಬರೆಯುತ್ತಿದ್ದೆ. ಬಾಟಲಿ ಹಿಡಿದವರು ಯಾರೆಂದು ಅಪ್ಪ ಹೇಳಲಿಲ್ಲ. ಅವರಿಗೆ ಅದು ನೆನಪಾಗಲೇ ಇಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಬೇಕೆಂದೇ ಹೇಳಲಿಲ್ಲ ಅನ್ನಿಸಿತ್ತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ನಾನು ಇನ್ನೂ ತೀರ್ಮಾನಿಸಿಲ್ಲ. ಸೆಲೀನ್ ಆಂಟಿಯ ಮೇಲೆ ನನಗೆ ಸಿಟ್ಟಿಲ್ಲ; ಅವರಿಗೆ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ. ಅವ್ವ ನೀರುದೋಸೆಯ ಡಬ್ಬಿ ಖಾಲಿ ಮಾಡಿ, ಅದಕ್ಕೆ ಶೇಂಗಾ ಚಟ್ನಿಪುಡಿ ತುಂಬಿ ವಾಪಸು ಕೊಟ್ಟಳು. ಬಾಗಿಲು ಹಾಕಿದ ಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು. ನಾನು ಆ ಕೈಯನ್ನು ಸರಿಸಿಬಿಟ್ಟೆ.

ನನಗೆ ಸಿಕ್ಕಿದ್ದು ಒಂದು ಎಚ್ಚೆಫ್ ಕರು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಬೆಳ್ಳನೆಯ ಚುಕ್ಕೆ, ಚಂದ್ರನ ಹಾಗೆ. ಸಂಘದಲ್ಲಿ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಅವ್ವ ಚಂದ್ರಿ ಅಂದಳು. ಚಂದ್ರಿಗೆ ನಾನು ಬೇಕಿರಲಿಲ್ಲ. ಹಗ್ಗ ಹಿಡಿದರೆ ನಾಲ್ಕೂ ಕಾಲು ಊರಿ ನಿಲ್ಲುವುದು, ಇಲ್ಲವೇ ನನ್ನನ್ನು ಮರಳಿನಲ್ಲಿ ಎಳೆದುಕೊಂಡು ಓಡುವುದು. ಶುಕ್ರವಾರ ಬಂತೆಂದರೆ ನನ್ನ ಅಂಗೈ ತರಚುತ್ತಿತ್ತು. ಅತ್ತ ಲವೀನಾ ಕೆಂಪಿಯನ್ನು ನಡೆಸುತ್ತಿದ್ದಳು; ನಡೆಸುವುದೇನು, ಕೆಂಪಿ ತಾನೇ ನಡೆಯುತ್ತಿತ್ತು. ಒಮ್ಮೆ ನನ್ನನ್ನು ಕಂಡು ಅದು ಲವೀನಾಳ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿಬಂತು. ಅಪ್ಪ ನನ್ನನ್ನು ಬೈದರು: ಬೇರೆಯವರ ಕರುವನ್ನು ಕೆಡಿಸಬೇಡ ಎಂದು. ಆಮೇಲೆ ಕೆಂಪಿಯ ಶೆಡ್ಡಿನ ಕಡೆ ನಾನು ಹೋಗುವಂತಿರಲಿಲ್ಲ. ಹಾಗೂ ಹೀಗೂ ತಿಂಗಳುಗಳು ಕಳೆದು ಚಂದ್ರಿ ನನಗೆ ಬಗ್ಗಿತು. ಪ್ರೀತಿಯಿಂದಲ್ಲ. ಇಬ್ಬರಿಗೂ ಬೇರೆ ಗತಿ ಇಲ್ಲವೆಂದು ಅದಕ್ಕೂ ತಿಳಿದಿರಬೇಕು. ಒಂದು ದಿನ ತುಂತುರು ನೀರಿನ ಕೆಳಗೆ ನನ್ನ ಭುಜಕ್ಕೆ ಅದು ಗದ್ದ ಊರಿ ನಿಂತಾಗ, ಇರಲಿ, ಇದನ್ನೇ ಹಿಡಿದು ರಿಂಗಿನಲ್ಲಿ ನಿಲ್ಲುತ್ತೇನೆ, ಗೆದ್ದು ತೋರಿಸುತ್ತೇನೆ ಎಂದು ಮನಸ್ಸು ಮಾಡಿದೆ. ಹಾಗಾದರೂ ಅಪ್ಪ ನನ್ನನ್ನು ನೋಡಿಯಾರು ಎಂಬ ಆಸೆ.

ಸಂಘದ ನಿಯಮಗಳಲ್ಲಿ ಒಂದನ್ನು ಅಪ್ಪ ಪದೇ ಪದೇ ಹೇಳುತ್ತಿದ್ದರು. ಕರುವನ್ನು ತೊಳೆಯಬಹುದು, ಬಾಚಬಹುದು, ಕೂದಲು ಕತ್ತರಿಸಬಹುದು. ಮೈಗೆ ಯಾವ ಬಣ್ಣವನ್ನೂ ಹಚ್ಚುವಂತಿಲ್ಲ. ಮಚ್ಚೆ ಮುಚ್ಚಲು, ಬಿಳುಪು ಹೆಚ್ಚಿಸಲು ಬಣ್ಣ ಬಳಿಯುವ ಕಳ್ಳರಿದ್ದಾರೆ, ಸಿಕ್ಕಿಬಿದ್ದರೆ ಮಗು ಸಂಘದಿಂದಲೇ ಹೊರಗೆ. ಬೇರೆ ಮಕ್ಕಳ ತಂದೆತಾಯಿಗಳಿಗೂ ಅಪ್ಪನೇ ಇದನ್ನು ಬಿಡಿಸಿ ಹೇಳುತ್ತಿದ್ದರು. ಡಾಕ್ಟರರಲ್ಲವೇ.

ಪ್ರದರ್ಶನದ ದಿನ ಬೆಳಿಗ್ಗೆ ಅಬುಧಾಬಿಯ ದಾರಿಯಲ್ಲಿ ಕಾರಿನೊಳಗೆ ಅಪ್ಪ ಅವ್ವನ ಮಡಿಲಲ್ಲಿದ್ದ ಬ್ಯಾಗು ನೋಡಿದರು.

"ಅದರಾಗ ಏನೈತಿ?"

"ಅರಿಶಿನ-ಕುಂಕುಮದ ಭರಣಿರಿ. ಎಲ್ಲಾ ಮುಗದ ಮ್ಯಾಲ ಚಂದ್ರಿ ಪಾದಕ್ಕ ಚೂರು ಹಚ್ಚಿ ಕೈ ಮುಗೀತೀನಿ. ಅಷ್ಟ."

"ಅಲ್ಲೆ ನಿನ್ನ ಪೂಜಿ-ಗೀಜಿ ತೆಗೆದಿ ಅಂದ್ರ ನೋಡು ಮತ್ತ. ನನ್ನ ಮರ್ಯಾದಿ ಪ್ರಶ್ನೆ ಐತಿ."

"ತಗಿಯಂಗಿಲ್ರಿ," ಎಂದಳು ಅವ್ವ. ತೆಗೆಯಲೂ ಇಲ್ಲ. ಬ್ಯಾಗನ್ನು ಚಂದ್ರಿಯನ್ನು ಕಟ್ಟಿದ್ದ ಅಂಕಣದ ಪಕ್ಕದ ಕುರ್ಚಿಗೆ ನೇತುಹಾಕಿ, ಲವೀನಾಳ ರಿಂಗ್ ಮೊದಲಾಗಿದ್ದರಿಂದ ಸೆಲೀನ್ ಆಂಟಿಯ ಜೊತೆ ಅದನ್ನು ನೋಡಲು ಹೋದಳು. ನನ್ನನ್ನು ಕರೆದಳು, ನಾನು ಬರುವುದಿಲ್ಲವೆಂದೆ. ಕೆಂಪಿಯನ್ನು ಇನ್ನೊಬ್ಬರ ಕೈಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ. ಚಂದ್ರಿಯನ್ನು ತೊಳೆದು, ಒದ್ದೆ ಮೈ ಆರುವವರೆಗೆ, ನನ್ನ ಬಿಳಿ ಅಂಗಿಗೆ ಕೊಳೆ ತಾಗದಿರಲೆಂದು ಹುಲ್ಲಿನ ಪೆಂಡಿಗಳ ಹಿಂದೆ ಹೋಗಿ ಕುಳಿತೆ.

ಆಗ ಅಪ್ಪ ಬಂದರು. ಅತ್ತ ಇತ್ತ ನೋಡಿದರು. ದೂರದಲ್ಲಿ ಅರ್ಬಾಬ್ ಮತ್ತು ಅವರ ಗೆಳೆಯರು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂರುತ್ತಿದ್ದುದು ಅಲ್ಲಿಂದ ಕಾಣುತ್ತಿತ್ತು. ಅಪ್ಪ ಬ್ಯಾಗು ಬಿಚ್ಚಿ ಅವ್ವನ ಭರಣಿ ತೆಗೆದರು. ಬೆರಳಿಗೆ ಅರಿಶಿನ ಅದ್ದಿಕೊಂಡು ಚಂದ್ರಿಯ ಹಣೆಯ ಬಿಳಿ ಚುಕ್ಕೆಗೆ ಹಚ್ಚಿದರು, ಗೊರಸುಗಳಿಗೆ ಹಚ್ಚಿದರು, ಆಮೇಲೆ ಆ ಕರುವಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಳ್ಳಿ ಬುದ್ಧಿಯೆಂದು ವರ್ಷವಿಡೀ ಅವ್ವನನ್ನು ಹಂಗಿಸುವ ಮನುಷ್ಯ, ಸೂಟು ತೊಟ್ಟುಕೊಂಡು, ಕಣ್ಣು ಮುಚ್ಚಿ ತುಟಿ ಅಲುಗಿಸುತ್ತ ಕರುವಿನ ಮುಂದೆ ಮೊಣಕಾಲೂರಿದ್ದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅಪ್ಪನ ಮೇಲೆ ಬಂದಷ್ಟು ಪ್ರೀತಿ ಮುಂಚೆ ಯಾವತ್ತೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಚಿಟಿಕೆ ಅರಿಶಿನ, ಸುಮ್ಮನೆ ಒರೆಸಿದರೆ ಹೋಗುತ್ತದೆ ಎಂದು ಅವರು ಅಂದುಕೊಂಡಿರಬೇಕು. ಆದರೆ ಚಂದ್ರಿಯ ಹಣೆ ಒದ್ದೆಯಿತ್ತು. ಹಳದಿ ಸರಸರನೆ ಬಿಳಿ ಕೂದಲಿಗೆ ಹರಡಿತು. ಗಾಬರಿಯಾಗಿ ಕೈಗೆ ಸಿಕ್ಕ ಸೋಪಿನ ಬಟ್ಟೆಯಿಂದ ತಿಕ್ಕಿದರು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ಬಟ್ಟೆ ಒಗೆದ ಯಾರಿಗಾದರೂ ಗೊತ್ತು. ಅಪ್ಪ ಜನ್ಮದಲ್ಲಿ ಬಟ್ಟೆ ಒಗೆದವರಲ್ಲ. ತಿಕ್ಕಿದಷ್ಟೂ ಚಂದ್ರ ಕೆಂಪಗಾದ. ಅಷ್ಟರಲ್ಲಿ ನಮ್ಮ ರಿಂಗಿನ ಕರೆ ಬಂತು.

ನಾನು ಚಂದ್ರಿಯನ್ನು ನಡೆಸಿದೆ. ಚೆನ್ನಾಗಿಯೇ ನಡೆಸಿದೆ; ಅದು ಯಾರಿಗೂ ಬೇಕಿರಲಿಲ್ಲ. ತೀರ್ಪುಗಾರ ಯಾವುದೋ ಚಳಿ ದೇಶದ ಎತ್ತರದ ಮನುಷ್ಯ, ಚಂದ್ರಿಯ ಹಣೆಯ ಮೇಲೆ ಬೆರಳು ತಿಕ್ಕಿ, ಬೆರಳನ್ನು ತನ್ನ ಕಣ್ಣ ಮುಂದೆ ಹಿಡಿದು ನೋಡಿದ. ಸಂಘದವರನ್ನು ಕರೆದ. ಅವರು ಅಪ್ಪನನ್ನು ಕರೆದರು. ಅಪ್ಪನ ಹಿಂದೆಯೇ ಅರ್ಬಾಬ್ ಎದ್ದು ಬಂದರು. ಆಗಷ್ಟೇ ಜೆರ್ಸಿ ರಿಂಗಿನಿಂದ ಬಂದ ಅವ್ವ, ಏನಾಯಿತೆಂದು ತಿಳಿಯದೆ ಬೇಲಿಯ ಹತ್ತಿರ ಓಡಿಬಂದಳು. ಯಾರು ಬಣ್ಣ ಹಚ್ಚಿದ್ದು ಎಂದು ಸಂಘದವರು ಕೇಳಿದರು. ಅಪ್ಪ ಒಮ್ಮೆ ಅರ್ಬಾಬ್‌ರ ಮುಖ ನೋಡಿದರು, ಒಮ್ಮೆ ಅವ್ವನ ಮುಖ ನೋಡಿದರು.

"ಮೈ ವೈಫ್, ಸರ್," ಅಂದರು. "ವೆರಿ ಸಾರಿ. ವಿಲೇಜ್ ವುಮನ್. ನೋ ಎಜುಕೇಶನ್."

ಅವ್ವನಿಗೆ ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ, ಇಷ್ಟು ತಿಳಿಯುತ್ತಿತ್ತು. ಅವಳು ಚಂದ್ರಿಯ ಹಣೆ ನೋಡಿದಳು. ಕೆಂಪು ನೋಡಿದಳು. ಅಪ್ಪನ ಬೆರಳ ತುದಿಯ ಹಳದಿ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ನೋ! ಅವ್ವ ಅಲ್ಲ, ಇಟ್ ವಾಸ್—" ನಾನು ಬಾಯಿ ತೆರೆದೆ. ಬೇಲಿಯ ಆಚೆಯಿಂದ ಅವ್ವನ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ರೊಟ್ಟಿ ಬಡಿದು ಗಟ್ಟಿಯಾದ ಕೈ. ನೋವಿಗೆ ನನ್ನ ಮಾತು ನಿಂತುಹೋಯಿತು. ಅರ್ಬಾಬ್ ನಕ್ಕುಬಿಟ್ಟರು. ಮಾಫಿ ಮುಶ್ಕಿಲ್, ಡಾಕ್ಟರ್, ಏನೂ ತೊಂದರೆಯಿಲ್ಲ, ಎಂದು ಅಪ್ಪನ ಬೆನ್ನು ತಟ್ಟಿದರು. ಹಳ್ಳಿ ಹೆಂಗಸಿನ ತಪ್ಪನ್ನು ಕ್ಷಮಿಸುವುದು ಎಲ್ಲರಿಗೂ ಸುಲಭ. ಸಂಘದವರು ಚಂದ್ರಿಯ ಹಗ್ಗವನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ನಾನು ಎಚ್ಚೆಫ್ ಸಂಘದಿಂದ ಹೊರಗೆ ಬಿದ್ದೆ. ಹಾಗೆ ಬಿದ್ದವರನ್ನು ಜೆರ್ಸಿ ಸಂಘವೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೊರಗೆ ಲವೀನಾ ಕೆಂಪಿಯ ಕೊರಳಿಗೆ ಬಿದ್ದು ನಗುತ್ತಿದ್ದಳು, ಅವಳಿಗೆ ಮೂರನೆಯ ಬಹುಮಾನ ಬಂದಿತ್ತು. ಕರು ಎಲ್ಲೆಲ್ಲೋ ನೋಡುತ್ತ ಮಂಕಾಗಿದ್ದಾಗಲೂ ಹುಡುಗಿ ಅದನ್ನು ಬಹಳ ತಾಳ್ಮೆಯಿಂದ ಸಂಭಾಳಿಸಿದಳು ಎಂದು ತೀರ್ಪುಗಾರರು ಮೆಚ್ಚಿದರಂತೆ. ಕೆಂಪಿ ಯಾರನ್ನು ಹುಡುಕುತ್ತಿತ್ತೆಂದು ನನಗೆ ಗೊತ್ತಿತ್ತು.

ವಾಪಸು ಬರುವಾಗ ಅಪ್ಪ ಅವ್ವನ ಜೊತೆ ಮಾತಾಡಲಿಲ್ಲ. ನಾಚಿಕೆಯಿಂದ ಅಂದುಕೊಂಡೆ. ಮನೆ ಮುಟ್ಟಿದ ಮೇಲೆ ಗೊತ್ತಾಯಿತು, ಅದು ಸಿಟ್ಟು. ಹೇಳಿದ ಸುಳ್ಳನ್ನು ಅವರು ದಾರಿಯಲ್ಲೇ ನಂಬಿಬಿಟ್ಟಿದ್ದರು. ಬೂಟು ಕಳಚಿ ಒದ್ದು, "ಆ ಭರಣಿ ತೆಗಿಬ್ಯಾಡ ಅಂತ ಬಡಕೊಂಡೆ," ಎಂದು ಕೂಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ಸೆಲೀನ್ ಆಂಟಿ ಎದುರು ಬಾಗಿಲಿನಿಂದ ಬಂದು ಅವ್ವನ ಕೈ ಹಿಡಿದು, "ಎಂತ ಮಾರಾಯ್ತಿ ನೀವು, ಅದೊಂದು ಮಾಡ್ಬಾರದಿತ್ತಲ್ಲ," ಎಂದರು. ಅವ್ವ ಹೌದೆಂದು ತಲೆಯಾಡಿಸಿ ಅವರಿಗೆ ಚಹಾ ಕೊಟ್ಟಳು. ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಅಳುತ್ತ ಕೇಳಿದೆ, ಯಾಕೆ ಹೇಳಲಿಲ್ಲ, ಯಾಕೆ ನನಗೂ ಹೇಳಲು ಬಿಡಲಿಲ್ಲ ಎಂದು.

"ಅವರ ನೌಕರಿ ಮ್ಯಾಲ ನಮ್ಮ ವೀಸಾ ಐತಿ, ನಿನ್ನ ಸಾಲಿ ಐತಿ, ಈ ಮನಿ ಐತಿ," ಅವ್ವ ಹಲಗೆಯ ಕೆಳಗೆ ಟವೆಲ್ ಸರಿಮಾಡುತ್ತ ಹೇಳಿದಳು. "ನನ್ನ ಹೆಸರಿಗೆ ಏನೈತಿ ತಂಗಿ, ಕೆಡಾಕ?"

ಅವತ್ತು ಅವಳು ರೊಟ್ಟಿಯನ್ನು ಸದ್ದಿಲ್ಲದೆ ಬಡಿದಳು. ಸಂಘಗಳ ವಿಷಯ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಚಂದ್ರಿ ಹಾಲಿನ ಆಕಳಾಯಿತು, ಕೆಂಪಿಯನ್ನು ಮಾರಿದರು. ಆದರೆ ಅರಿಶಿನದ ಕಥೆ ಮಾತ್ರ ಉಳಿಯಿತು. ಕನ್ನಡದವರ ಮನೆಯ ಊಟಗಳಲ್ಲಿ, ಪಾರ್ಕಿನ ಕೂಟಗಳಲ್ಲಿ, ಹೊಸಬರು ಯಾರೇ ಸಿಗಲಿ, ಅಪ್ಪ ಅದನ್ನು ನಗೆಯ ಕಥೆಯಾಗಿ ಹೇಳುತ್ತಿದ್ದರು. ಅವ್ವ ಹೇಗೆ ಕದ್ದು ಅರಿಶಿನ ಬಳಿದಳು, ಅರ್ಬಾಬ್ ಹೇಗೆ ನಕ್ಕರು. ವರ್ಷ ಕಳೆದಂತೆ ಕಥೆಯಲ್ಲಿ ಅವ್ವ ಇನ್ನಷ್ಟು ದಡ್ಡಳಾಗುತ್ತ ಹೋದಳು. ಎಲ್ಲರೂ ಅವಳತ್ತ ತಿರುಗಿ ನಗುತ್ತಿದ್ದರು. ಅವಳೂ ನಗುತ್ತ ಅವರ ತಟ್ಟೆಗಳಿಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಕಾಲೇಜಿಗೆ ಬಂದ ಮೇಲೆ ನಾನು ಅಂಥ ಊಟಗಳಿಗೆ ಹೋಗುವುದನ್ನೇ ಬಿಟ್ಟೆ. ಮಗಳಿಗೆ ಸೊಕ್ಕು ಅಂದರು.

ಅವ್ವ ಈಗಿಲ್ಲ. ಅಪ್ಪ ದುಬೈಯಲ್ಲೇ, ಅಲ್ ಬರ್ಷಾದ ನನ್ನ ಮನೆಯಲ್ಲಿದ್ದಾರೆ, ಅವರ ವೀಸಾ ನನ್ನ ನೌಕರಿಯ ಮೇಲಿದೆ. ಜೋಳದ ರೊಟ್ಟಿ ಖಡಕ್ ಆಗಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಮನೆಯಲ್ಲಿ ಯಾವ ಸದ್ದೂ ಇಲ್ಲ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಮಗಳು ನಿಧಿ ಶಾಲೆಯಿಂದ ತಂದ ಸುದ್ದಿ ಹೇಳಿದಳು. ಆ ಎರಡೂ ಸಂಘಗಳು ಈಗಲೂ ಇವೆಯಂತೆ, ಅವಳ ಗೆಳತಿಯರು ಸೇರುತ್ತಿದ್ದಾರಂತೆ.

"ಅಜ್ಜಾ, ಯು ವರ್ ದಿ ಎಕ್ಸ್‌ಪರ್ಟ್. ನಾನು ಯಾವುದಕ್ಕೆ ಸೇರಲಿ?"

"ಎಚ್ಚೆಫ್!" ಅಪ್ಪನ ಮುಖ ಅರಳಿತು. "ಆದ್ರ ನಿಮ್ಮ ಅಜ್ಜಿ ಹಂಗ ಅರಿಶಿನ ಹಚ್ಚಾಕ ಹೋಗಬ್ಯಾಡ ಮತ್ತ! ನಿನಗ ಆ ಕಥಿ ಹೇಳಿಲ್ಲ ನಾ? ನಿಮ್ಮ ಅಜ್ಜಿ ಏನ ಮಾಡಿದ್ಲಪಾ ಅಂದ್ರ—"

"ಅಪ್ಪಾ," ಅಂದೆ. "ಹುಲ್ಲಿನ ಪೆಂಡಿ ಹಿಂದ ನಾ ಕುಂತಿದ್ದೆ. ಹಚ್ಚಿದವ್ರು ನೀವು. ಸೋಪು ಹಾಕಿ ತಿಕ್ಕಿದವ್ರೂ ನೀವು. ಅವ್ವ ಆಗಿದ್ರ ಸೋಪು ಹಾಕ್ತಿದ್ದಿಲ್ಲ."

ಅವರು ಗಾಬರಿಯಾಗುತ್ತಾರೆ ಅಂದುಕೊಂಡಿದ್ದೆ, ನಿರಾಕರಿಸುತ್ತಾರೆ ಅಂದುಕೊಂಡಿದ್ದೆ. ಆ ಉತ್ತರಗಳಿಗೆಲ್ಲ ಎಷ್ಟೋ ವರ್ಷದಿಂದ ನನ್ನ ಬಳಿ ಮಾತು ಸಿದ್ಧವಿತ್ತು. ಅಪ್ಪ ಎರಡನ್ನೂ ಮಾಡಲಿಲ್ಲ. ರೊಟ್ಟಿಯ ಚೂರು ಮುರಿದು, ಅದನ್ನೇ ನೋಡುತ್ತ, ಬಹಳ ಸಮಾಧಾನದಿಂದ ಅಂದರು:

"ಆಕಿ ಒಂದಿನಾನೂ ಅಲ್ಲ ಅನ್ಲಿಲ್ಲಲ್ಲ."

ನಿಧಿ ಒಮ್ಮೆ ಅಜ್ಜನ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಅಪ್ಪ ಪಲ್ಯ ಮುಗಿದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು, ಇನ್ನೊಂದು ಸೌಟು ಪಲ್ಯಕ್ಕೆ. ಅವ್ವ ಆಗಿದ್ದರೆ ಬಡಿಸುತ್ತಿದ್ದಳು. ನಾನು ಎದ್ದು ನನ್ನ ತಟ್ಟೆ ಮಾತ್ರ ತೆಗೆದುಕೊಂಡು ಒಳಗೆ ಹೋದೆ.